ಬಳುವಳಿಯ ಕುರಿಗಳು

ವಾಚಕ ಮಹಾಶಯರೇ, ವಿದ್ಯೆಯನ್ನರಸಿ ಪರದೇಶಕ್ಕೆ ತೆರಳುವವರ ಕಥೆಗಳನ್ನು ತಾವು ಸಾಕಷ್ಟು ಓದಿರುತ್ತೀರಿ. ಅವುಗಳಲ್ಲಿ ಹೋದವರ ಸಂಗತಿಯೇ ವಿಪುಲವಾಗಿರುತ್ತದೆ. ಹೋಗುವವರಿಗಾಗಿ ಮನೆಯಲ್ಲಿ ಮುದ್ದೆ ಕಟ್ಟಿದವರ ಸಂಗತಿ ಒಂದೆರಡು ಸಾಲಿಗೆ ಮುಗಿದುಹೋಗಿರುತ್ತದೆ. ಪ್ರಸ್ತುತ ಕಥೆಯಲ್ಲಿ ಆ ಒಂದೆರಡು ಸಾಲನ್ನೇ ಹಿಗ್ಗಿಸಿ ತಮ್ಮ ಸನ್ನಿಧಿಗೆ ಅರ್ಪಿಸಲಾಗಿದೆ. ಅಸೂಯೆಯೆಂಬುದು ಕೆಟ್ಟವರ ಮನೆಯಲ್ಲಿ ಮಾತ್ರ ಹೊಗೆಯಾಡುವುದೆಂದು ನಂಬಿದ ಸಜ್ಜನರು ಇಲ್ಲಿಯೇ ಪುಸ್ತಕವನ್ನು ಮಡಿಸಿಡಬಹುದು; ಲೇಖಕನಿಗೆ ಬೇಸರವಿಲ್ಲ.

ಹೊಸದುರ್ಗ ತಾಲ್ಲೂಕು ಮತ್ತೋಡಿನ ಪಕ್ಕದ ಗೊಲ್ಲರಹಟ್ಟಿಯಲ್ಲಿ ಜಂಪಣ್ಣನದು ಕುರಿಗೆ ಹೆಸರಾದ ಮನೆ. ಹೆಂಡತಿ ಹುಚ್ಚಕ್ಕ, ಮಗ ರಾಮಾಂಜನೇಯ, ಸೊಸೆ ನೇತ್ರಾವತಿ, ಮಗಳು ಯಶೋದಾ, ಇಷ್ಟೇ ಜನ. ಯಶೋದಾ ಶಿವಮೊಗ್ಗದಲ್ಲಿ ಪಶುವೈದ್ಯ ಪದವಿ ಮುಗಿಸಿ ಬಂದಿದ್ದಳು. ನೇತ್ರಾವತಿಯೂ ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಹೊಸದುರ್ಗದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಪಿಯುಸಿ ಓದಿದವರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ನೇತ್ರಾವತಿಗೆ. ಆ ಬೇಸಿಗೆಯಲ್ಲಿ ಗೆಳತಿಯರಲ್ಲೊಬ್ಬಳು ಕಾಲೇಜಿಗೆ ಹೋದಳು, ಇನ್ನೊಬ್ಬಳು ಗೆಳತಿಯ ಅಣ್ಣನನ್ನು ಮದುವೆಯಾಗಿ ಈ ಹಟ್ಟಿಗೆ ಬಂದಳು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಯಶೋದಾ ಮೊಬೈಲನ್ನು ತಟ್ಟೆಯ ಪಕ್ಕದಲ್ಲಿಟ್ಟು, “ಅಪ್ಪಾ, ಸೀಟು ಸಿಕ್ತು. ಐರ್ಲೆಂಡ್‌ನಾಗೆ,” ಎಂದಳು.

“ಏನ್ ಓದಾಕವ್ವ?”

“ಕುರಿ ಮೇವಿನ ಬಗ್ಗೆ. ಯಾವ ಹುಲ್ಲು ತಿಂದ್ರೆ ಮರಿ ಎಷ್ಟು ತೂಕ ಬರ್ತೈತೆ, ಅದು.”

ನೇತ್ರಾವತಿ ಹುರುಳಿ ಸಾರಿನ ಪಾತ್ರೆಯಲ್ಲಿ ಸೌಟಾಡಿಸುತ್ತ, “ಅದನ್ನ ತಿಳ್ಕಳಾಕೆ ಸಮುದ್ರ ದಾಟಬೇಕಾ? ನಿಮ್ಮಣ್ಣನ್ನ ಕೇಳಿದ್ರೆ ಈ ಮುದ್ದೆ ಮುಗಿಯೋದ್ರೊಳಗೆ ಹೇಳ್ತಿದ್ರು,” ಎಂದಳು.

ರಾಮಾಂಜನೇಯ ನಕ್ಕ. ಹುಚ್ಚಕ್ಕ ನಗಲಿಲ್ಲ. ಯಶೋದಾ ಮುಂದುವರಿಸಿದಳು:

“ಆದ್ರೆ ಒಂದು ಐತೆ. ನನ್ನ ಓದು, ಊಟ, ಬಾಡಿಗೆ ಎಲ್ಲಾಕೂ ಆಗೋ ಅಷ್ಟು ದುಡ್ಡು ನಮ್ಮತ್ರ ಐತೆ ಅಂತ ತೋರಿಸ್ಬೇಕು. ಇಲ್ದಿದ್ರೆ ವೀಸಾ ಕೊಡಲ್ಲ.”

“ತೋರಿಸಾಣ ಬಿಡು,” ಎಂದ ಜಂಪಣ್ಣ. “ಆ ಸಾಹೇಬ್ರನ್ನ ನಾಳೆ ಹೊತ್ತಾರೆ ಕರ್ಕಂಡ್ ಬಾ. ಕುರಿ ರೊಪ್ಪದ ಮುಂದೆ ನಿಲ್ಲಿಸ್ತೀನಿ, ಕಣ್ತುಂಬ ನೋಡ್ಲಿ.”

“ಕುರಿ ಅಲ್ಲಪ್ಪ, ದುಡ್ಡು. ಬ್ಯಾಂಕ್‌ನಾಗೆ.”

“ಎರಡೂ ಒಂದೇ ಅಲ್ವೇನವ್ವ?”

ಒಂದೇ ಅಲ್ಲವೆಂಬುದನ್ನು ಆ ಮನೆಗೆ ಅರ್ಥಮಾಡಿಸಲು ಯಶೋದಾಳಿಗೆ ಒಂದು ವಾರ ಹಿಡಿಯಿತು. ಜಮೀನು ಜಂಪಣ್ಣನ ಅಣ್ಣತಮ್ಮಂದಿರೊಂದಿಗೆ ಜಂಟಿಯಾಗಿದ್ದುದರಿಂದ ಅದರ ಮೇಲೆ ಸಾಲ ಹುಟ್ಟಲಿಲ್ಲ. ಉಳಿದದ್ದು ಕುರಿ. ಊಟದ ಹೊತ್ತಿನಲ್ಲಿ ಇದೇ ಮಾತು. ನೇತ್ರಾವತಿ ಬಡಿಸುವಾಗ ಯಶೋದಾಳ ತಟ್ಟೆಗೆ ಯಾವಾಗಲೂ ಬಿರುಕುಬಿಟ್ಟ ಮುದ್ದೆಯೇ ಬೀಳುತ್ತಿತ್ತು. ಯಶೋದಾ ಅದನ್ನು ಗಮನಿಸಲೂ ಇಲ್ಲ. ಇದರಿಂದ ನೇತ್ರಾವತಿಗೆ ಮತ್ತಷ್ಟು ಸಿಟ್ಟು ಬರುತ್ತಿತ್ತು.

ಆ ನಡುವೆ ನೇತ್ರಾವತಿ ತಮ್ಮನ ಮಗುವಿನ ನಾಮಕರಣಕ್ಕೆಂದು ಹೊಳಲ್ಕೆರೆ ಕಡೆಯ ತವರಿಗೆ ಹೋಗಿ ನಾಲ್ಕು ದಿನ ಉಳಿದಳು. ತಿರುಗಿ ಬಂದ ಸಂಜೆ, ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳು ಮೇವಿನಿಂದ ಬರುವುದನ್ನು ಕಾದಳು. ಬಂದವು. ಬಂದದ್ದು ಅರ್ಧಕ್ಕಿಂತ ಕಡಿಮೆ.

ಮಾರಾಟವಾಗಿದೆಯೆಂದು ಅವಳಿಗೆ ತಿಳಿಯಿತು, ಅದು ನಿರೀಕ್ಷಿತವೇ. ಆದರೂ ಅವಳ ಕಣ್ಣು ಕಿವಿಗಳ ಮೇಲೆ ಹರಿಯಿತು. ಆ ಸೀಮೆಯ ಹಟ್ಟಿಗಳಲ್ಲಿ ಹೆಣ್ಣು ಮಗು ಹುಟ್ಟಿದಾಗ ಅವಳ ಹೆಸರಿಗೆ ಒಂದು ಹೆಣ್ಣು ಮರಿ ತೆಗೆದಿಡುವ ಪದ್ಧತಿಯಿತ್ತು. ಅದರ ಸಂತಾನವೆಲ್ಲ ಅವಳದೇ. ಮದುವೆಯಾಗಿ ಹೋಗುವಾಗ ಅವು ಬಳುವಳಿಯಾಗಿ ಅವಳ ಹಿಂದೆ ನಡೆಯುತ್ತಿದ್ದವು. ಯಾರ ಕುರಿ ಯಾರದೆಂದು ತಿಳಿಯಲು ಕಿವಿಗೆ ಗುರುತು ಕೊಯ್ಯುತ್ತಿದ್ದರು. ಎಡಗಿವಿಯ ತುದಿ ಸೀಳಿದವು ನೇತ್ರಾವತಿಯವು. ಬಲಗಿವಿಯ ಅಂಚಿಗೆ ಕಚ್ಚು ಹಾಕಿದವು ಯಶೋದಾಳವು. ಬಲಗಿವಿಯ ಕಚ್ಚಿನವು ಒಂದೂ ಬಿಡದಂತೆ ಒಳಬಂದವು. ಎಡಗಿವಿ ಸೀಳಿದ್ದು ಒಂದೂ ಬರಲಿಲ್ಲ.

ಅವಳು ಕಾಲು ತೊಳೆಯದೆ ಪಡಸಾಲೆಗೆ ನುಗ್ಗಿದಳು.

“ಮಾವ, ನನ್ನವು ಎಲ್ಲಿ?”

ಜಂಪಣ್ಣ ಎಲೆಯಡಿಕೆ ಚೀಲವನ್ನು ಬಿಚ್ಚುತ್ತಿದ್ದ. “ಹಿರಿಯೂರಿನ ವ್ಯಾಪಾರಿ ಲಾರಿ ತಂದಿದ್ದ ಕಣವ್ವ. ಒಳ್ಳೆ ರೇಟು ಬಂತು.”

“ನನ್ನವನ್ನ ಹತ್ತಿಸಿದ್ರಿ, ನಿಮ್ಮ ಮಗಳವು ರೊಪ್ಪದಾಗೆ ಮೆಲುಕು ಹಾಕ್ತಾವೆ!”

“ಹೆಣ್ಣುಮಗಳ ಬಳುವಳಿ ಅವಳ ಕೂಡೆ ಹಟ್ಟಿ ದಾಟೋಗಂಟ ಮಾರಬಾರ್ದು. ನಮ್ಮಲ್ಲಿ ನಡ್ಕಂಡು ಬಂದಿದ್ದು ನಿನಗೆ ಗೊತ್ತಿಲ್ವ?”

“ದಾಟಿ ಬಂದಿದ್ದನ್ನ ಮಾರಬೌದಾ?”

“ಬಂದ್ಮೇಲೆ ಅವು ಮನೇವು.”

“ನಾನೂ ಮನೆಯೋಳೇ ಅಲ್ವ? ಮನೆಯೋಳನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವ?”

ಜಂಪಣ್ಣ ಎಲೆಗೆ ಸುಣ್ಣ ಸವರಿದ. ಹುಚ್ಚಕ್ಕ ಒಳಗಿನಿಂದ ಬಂದು, “ಲೇ ನೇತ್ರಾ, ಮನೆ ಮಗಳು ಓದಾಕೆ ಹೋಗ್ತಾಳೆ ಅಂದ್ರೆ ನಾಕು ಕುರಿಗೆ ಹಿಂದೆಮುಂದೆ ನೋಡ್ತೀಯಲ್ಲ,” ಎಂದಳು.

“ನಾಕಲ್ಲ ಅತ್ತೆ. ಕುರಿ ಮಾರಿ ಕುರಿ ಓದಾಕೆ ಹೋಗ್ತಾಳಂತೆ! ಹೋಗ್ಲಿ. ತನ್ನವನ್ನ ಮಾರ್ಕಂಡು ಹೋಗ್ಲಿ.”

ಯಶೋದಾ ಬಾಗಿಲಲ್ಲಿ ನಿಂತಿದ್ದಳು. “ಅತ್ತಿಗೆ, ನಿಮ್ಮವು ಹೋಗ್ತಾವೆ ಅಂತ ನನಗೆ ಗೊತ್ತಿರ್ಲಿಲ್ಲ,” ಎಂದಳು.

“ಗೊತ್ತಿದ್ರೆ ತಡೀತಿದ್ಯಾ?”

ಯಶೋದಾ ಸುಳ್ಳು ಹೇಳುವವಳಲ್ಲ. ಬಾಗಿಲಿನಿಂದ ಸರಿದು ಒಳಗೆ ಹೋದಳು.

ಅಂದಿನಿಂದ ನೇತ್ರಾವತಿ ಎಲ್ಲರ ತಟ್ಟೆ ತೊಳೆದು, ಯಶೋದಾಳ ತಟ್ಟೆಯೊಂದನ್ನು ಬಚ್ಚಲ ಕಲ್ಲಿನ ಮೇಲೆಯೇ ಬಿಡತೊಡಗಿದಳು.

ಮರುವಾರ ಚಿತ್ರದುರ್ಗಕ್ಕೆ ಪಯಣ. ಪರದೇಶಕ್ಕೆ ಹೋಗುವ ವಿದ್ಯಾರ್ಥಿಗಳ ಅರ್ಜಿಗಳನ್ನು ಸಿದ್ಧಪಡಿಸಿಕೊಡುವ ಲಕ್ಷ್ಮೀಕಾಂತ್ ಎಂಬ ಏಜೆಂಟನ ಕಚೇರಿ ಬಸ್ ನಿಲ್ದಾಣದ ಬಳಿಯ ಮಹಡಿಯ ಮೇಲಿತ್ತು. ನೇತ್ರಾವತಿಯನ್ನು ಯಾರೂ ಕರೆದಿರಲಿಲ್ಲ. “ದುರ್ಗದಾಗೆ ನನಗೂ ಕೆಲಸ ಐತೆ” ಎಂದು ಅವಳೇ ಬಸ್ಸು ಹತ್ತಿದಳು. ಅವಳಿಗೆ ಯಾವ ಕೆಲಸವೂ ಇರಲಿಲ್ಲ.

“ಬರ್ರಿ, ಕುಂತ್ಕಳ್ರಿ,” ಎಂದು ಲಕ್ಷ್ಮೀಕಾಂತ್ ಎಲ್ಲರನ್ನೂ ಕೂರಿಸಿ, ಬ್ಯಾಂಕಿನ ವಿವರಗಳನ್ನು ನೋಡಿದ. “ಯಜಮಾನ್ರೆ, ಈ ಖಾತೇಲಿ ಇಷ್ಟು ದಿನ ಏನೂ ಇರ್ಲಿಲ್ಲ. ಒಂದೇ ದಿನ ಇಷ್ಟೊಂದು ಬಂದು ಬಿದ್ದೈತೆ. ವೀಸಾದೋರು ಕೇಳೋದು ಇದನ್ನೇ: ಎಲ್ಲಿಂದ ಬಂತು? ಯಾರ್ಯಾರೋ ಹತ್ರ ಇಸ್ಕಂಡು ನಾಕು ದಿನ ತೋರಿಸ್ತಾರೆ ಅಂತ ಅವರಿಗೆ ಅನುಮಾನ.”

“ಕುರಿ ಮಾರಿದ್ದು ಕಣಪ್ಪ.”

“ಎಷ್ಟಕ್ಕೆ ಮಾರಿದ್ರಿ? ಒಂದಕ್ಕೆ ಎಷ್ಟು ಬಿತ್ತು?”

ಜಂಪಣ್ಣ ಕಚೇರಿಯಲ್ಲಿ ಕಾಯುತ್ತಿದ್ದ ಇತರರನ್ನು ಓರೆಗಣ್ಣಿನಿಂದ ನೋಡಿದ. ಕುರಿಯ ಬೆಲೆಯನ್ನು ನಾಲ್ವರೆದುರು ಬಾಯಿಬಿಟ್ಟು ಹೇಳುವುದು ಅವನ ಜಾಯಮಾನವಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಲಕ್ಷ್ಮೀಕಾಂತನ ಅಂಗೈ ಮೇಲೆ ಹೊದಿಸಿ, ಅದರಡಿ ಕೈ ತೂರಿಸಿ, ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಅದುಮಿದ.

“ಏನ್ರೀ ಇದು?” ಲಕ್ಷ್ಮೀಕಾಂತ್ ಕೈ ಕೊಸರಿಕೊಂಡ.

“ರೇಟು.”

“ಅಪ್ಪಾ!” ಎಂದು ಯಶೋದಾ ಮುಖ ಮುಚ್ಚಿಕೊಂಡಳು. ನೇತ್ರಾವತಿ ಉಕ್ಕಿಬಂದ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡು ಕಿಟಕಿಯತ್ತ ತಿರುಗಿದಳು.

“ಹಿರಿಯೂರಿನವನ ಕೂಡೆ ಹಿಂಗೇ ವ್ಯಾಪಾರ ಮಾಡಿದ್ದು. ಅವನು ರಸೀದಿ ಕೇಳ್ಲಿಲ್ಲ, ನಾನು ಕೊಡ್ಲಿಲ್ಲ. ಬೆರಳು ಹಿಡಿದ ಮೇಲೆ ಮಾತು ಮುಗೀತು.”

“ಐರ್ಲೆಂಡ್‌ನೋರ ಬೆರಳು ಹಿಡಿಯೋಕಾಗಲ್ವಲ್ಲ ಯಜಮಾನ್ರೆ. ಆ ವ್ಯಾಪಾರಿ ಹತ್ರ ಬರವಣಿಗೆ ಬೇಕು. ನಿಮ್ಮ ಹತ್ರ ಅಷ್ಟು ಕುರಿ ಇದ್ವು ಅನ್ನೋದಕ್ಕೂ ಏನಾದ್ರೂ ಬೇಕು.”

ಯಶೋದಾ ಅದನ್ನು ಮೊದಲೇ ಯೋಚಿಸಿದ್ದಳು. ಮತ್ತೋಡಿನ ಪಶು ಆಸ್ಪತ್ರೆಯಲ್ಲಿ ಕುರಿಗಳ ವಿಮೆಗಾಗಿ ಮಾಡಿಸಿದ್ದ ದಾಖಲೆಗಳನ್ನು ಚೀಲದಿಂದ ತೆಗೆದು ಮುಂದಿಟ್ಟಳು. ಲಕ್ಷ್ಮೀಕಾಂತ್ ಓದುತ್ತ ತಲೆಯೆತ್ತಿದ.

“ನೇತ್ರಾವತಿ ಅಂದ್ರೆ ಯಾರು?”

“ಸೊಸೆ,” ಎಂದ ಜಂಪಣ್ಣ. “ಆ ವಿಮೆನ ಹೆಣ್ಮಕ್ಕಳ ಸಂಘದಿಂದ ಮಾಡ್ಸಿದ್ರು. ಅವಳ ಹೆಸರು ಬರ್ಸಿದ್ರು. ಅವಳದೇನು, ನನ್ನದೇನು, ಎಲ್ಲಾ ಒಂದೇ.”

“ಹಟ್ಟೀಲಿ ಒಂದೇ. ಅಲ್ಲಿ ಬೇರೆ. ಮಾರಿದ ಕುರೀಲಿ ಇವರ ಪಾಲು ಐತೆ ಅಂದ್ಮೇಲೆ ಇವರೂ ನೋಟರಿ ಮುಂದೆ ಬರ್ಕೊಡ್ಬೇಕು. ಈ ದುಡ್ಡನ್ನ ನಾನು ನಾದಿನಿ ಓದಿಗೆ ಸ್ವಸಂತೋಷದಿಂದ ಕೊಟ್ಟೀನಿ, ವಾಪಸ್ ಕೇಳಲ್ಲ ಅಂತ. ಅದಿಲ್ದೆ ಅರ್ಜಿ ಹಾಕ್ಬೇಡ್ರಿ. ಒಂದ್ಸಲ ತಿರಸ್ಕಾರ ಆದ್ರೆ ಈ ವರ್ಷದ ಸೀಟು ಹೋದಂಗೇ.”

ಎಲ್ಲರೂ ನೇತ್ರಾವತಿಯ ಕಡೆ ತಿರುಗಿದರು. ಮದುವೆಯಾಗಿ ಬಂದಂದಿನಿಂದ ಇಷ್ಟು ಜನ ಒಮ್ಮೆಲೇ ಅವಳ ಮುಖ ನೋಡಿದ್ದಿಲ್ಲ.

“ನಾನು ಬರ್ಕೊಡಲ್ಲ,” ಎಂದು ಅವಳು ಎದ್ದು ಮೆಟ್ಟಿಲಿಳಿದಳು.

ಮುಂದಿನ ಎರಡು ವಾರ ಆ ಮನೆಯಲ್ಲಿ ಒಲೆ ಉರಿಯಿತು, ಮಾತು ಆರಿತು. ನೇತ್ರಾವತಿ ಎಂದಿನಂತೆ ರೊಪ್ಪದ ಹಿಕ್ಕೆ ಗುಡಿಸಿದಳು, ನೀರು ತಂದಳು, ಮುದ್ದೆ ಕಟ್ಟಿದಳು. ಯಾರೇನು ಕೇಳಿದರೂ ಉತ್ತರ ಒಂದೇ ಪದದಲ್ಲಿ. ರಾಮಾಂಜನೇಯ ಒಂದು ಮಧ್ಯಾಹ್ನ ಹೊಲದಲ್ಲಿ ಬುತ್ತಿ ಬಿಚ್ಚುತ್ತ ಪ್ರಯತ್ನಿಸಿದ.

“ಒಂದು ಸೈನು ಕಣೇ. ಮುಂದಿನ ವರ್ಷ ಮರಿ ತಂದು ಕೊಡ್ತೀನಿ.”

“ನೀವು ಆವತ್ತು ಲಾರಿ ಹತ್ರ ಇದ್ರಾ, ಇಲ್ವಾ?”

“ಇದ್ದೆ.”

“ನನ್ನವನ್ನ ಎತ್ತಿ ಹತ್ತಿಸಿದೋರು ಯಾರು?”

ರಾಮಾಂಜನೇಯ ರೊಟ್ಟಿಯನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದ. “ಅಪ್ಪ ಹೇಳಿದ,” ಎಂದ ಕೊನೆಗೆ.

“ಹಂಗಾದ್ರೆ ಸೈನೂ ಅಪ್ಪನತ್ರನೇ ಹಾಕಿಸ್ಕಳ್ರಿ.”

ಯಶೋದಾ ದಾವಣಗೆರೆಗೆ ಹೋಗಿ ಒಂದು ದಪ್ಪ ಜಾಕೆಟ್ಟು ತಂದಿದ್ದಳು, ಚಳಿ ದೇಶಕ್ಕೆಂದು. ವೀಸಾ ಇನ್ನೂ ಬಂದಿಲ್ಲ, ಜಾಕೆಟ್ಟು ಬಂತು! ಮನೆಯಲ್ಲಿ ಯಾರೂ ಇಲ್ಲದ ಒಂದು ಹೊತ್ತಿನಲ್ಲಿ ನೇತ್ರಾವತಿ ಅದನ್ನು ಗೂಟದಿಂದಿಳಿಸಿ ತೊಟ್ಟುಕೊಂಡಳು. ಹೊರಗೆ ನೆಲ ಸುಡುವ ಬಿಸಿಲು. ಬೆವರು ಕುತ್ತಿಗೆಯಿಂದಿಳಿಯುತ್ತಿದ್ದರೂ ಕನ್ನಡಿಯ ಮುಂದೆ ನಿಂತು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಹೆಗಲು ಸರಿಯಾಗಿ ಕೂತಿತ್ತು, ತೋಳು ಸರಿಯಾಗಿತ್ತು. ಹಿಂದಿನಿಂದ ಹುಚ್ಚಕ್ಕನ ಧ್ವನಿ ಕೇಳಿಸಿತು:

“ನಿನಗೇ ಒಪ್ತೈತೆ ಕಣೇ. ಅವಳಿಗೆ ಭುಜ ಇಳಿಬೀಳ್ತೈತೆ.”

ಮುದುಕಿ ಅಣಕಿಸುತ್ತಿರಲಿಲ್ಲ, ಕಂಡದ್ದನ್ನು ಆಡಿದ್ದಳು. ನೇತ್ರಾವತಿ ಗುಂಡಿಗಳನ್ನು ಕಿತ್ತಂತೆ ಬಿಚ್ಚಿ, ಜಾಕೆಟ್ಟನ್ನು ಗೂಟಕ್ಕೆ ಎಸೆದು, ಕೊಡ ಎತ್ತಿಕೊಂಡು ನೀರಿಗೆ ಹೋದಳು. ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿಯ ಬಳಿಯೇ ನಿಂತಿದ್ದಳು.

ಅದೇ ಸಂಜೆ ಅವಳು ತನ್ನ ಮಾತನ್ನು ಮುಂದಿಟ್ಟಳು. ಎಲ್ಲರೂ ಊಟಕ್ಕೆ ಕುಳಿತಿದ್ದರು.

“ಬರ್ಕೊಡ್ತೀನಿ. ಆದ್ರೆ ಯಶೋದಾನ ಕುರಿ ಅಷ್ಟೂ ನನಗಾಗ್ಬೇಕು. ಅವುಗಳ ಎಡಗಿವಿಗೆ ನನ್ನ ಗುರುತು ಬೀಳ್ಬೇಕು. ಕೊಯ್ಯೋಳು ಅವಳೇ ಆಗ್ಬೇಕು, ಹಟ್ಟಿ ಮುಂದೆ, ನಾಕು ಜನ ನೋಡೋಂಗೆ.”

ಜಂಪಣ್ಣನ ಕೈಯ ತುತ್ತು ಅಲ್ಲಿಯೇ ನಿಂತಿತು. “ಹುಟ್ಟಿದಾಗ ಇಟ್ಟ ಮರಿ ವಂಶ ಅದು. ಮಗಳ ಬಳುವಳಿಗೆ ಬೇರೇವ್ರ ಗುರುತು ಹಾಕಿಸ್ತೀಯಾ? ಯಾವ ಹಟ್ಟೀಲಿ ಕೇಳಿದೀಯೇ?”

“ಸೊಸೆ ಬಳುವಳೀನ ಕೇಳ್ದೆ ಲಾರಿ ಹತ್ತಿಸೋದನ್ನೂ ಕೇಳಿರ್ಲಿಲ್ಲ ಮಾವ.”

“ಏನೇ ನಿನ್ನ ಹೊಟ್ಟೆಕಿಚ್ಚು!” ಎಂದಳು ಹುಚ್ಚಕ್ಕ.

“ಹೌದು ಅತ್ತೆ. ಹೊಟ್ಟೆಕಿಚ್ಚೇ. ನನ್ನ ನೋಟ್ಸ್ ಓದಿ ಪಾಸಾದೋಳು ವಿಮಾನ ಹತ್ತುತಾಳೆ, ನಾನು ಹಿಕ್ಕೆ ಗುಡಿಸ್ತೀನಿ. ಉರಿಯದೇ ಇರಾಕೆ ನಾನೇನು ಕಲ್ಲಾ?”

ಅವಳು ಯಶೋದಾಳನ್ನೇ ನೋಡುತ್ತಿದ್ದಳು. ನಾದಿನಿ ಅಳಬಹುದು, ಕೂಗಾಡಬಹುದು, ಅಪ್ಪನ ಮುಖ ನೋಡಬಹುದು. ಕಡೆಗೆ ಒಂದು ಹೊತ್ತಾದರೂ ಊಟ ಬಿಡಬಹುದು. ಯಶೋದಾ ಮಜ್ಜಿಗೆ ಕುಡಿದು ಲೋಟವನ್ನು ಕೆಳಗಿಟ್ಟಳು.

“ಅಷ್ಟೇನಾ ಅತ್ತಿಗೆ? ತಗಳ್ರಿ. ಬೆಳಗ್ಗೇನೇ ಮಾಡಿ ಮುಗಿಸಾಣ.”

ಬೆಳಿಗ್ಗೆ ರೊಪ್ಪದ ಮುಂದೆ ಹಟ್ಟಿಯ ಜನ ನೆರೆದರು. ಯಶೋದಾ ಕೈಗವಸು ಹಾಕಿಕೊಂಡು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಿವಿಯೊರೆಸಿ, ಒಂದೇ ಏಟಿಗೆ ತುದಿ ಸೀಳಿ, ಔಷಧ ಸವರಿ, “ಮುಂದಿಂದು” ಎನ್ನುತ್ತಿದ್ದಳು. ನೇತ್ರಾವತಿ ಕುರಿಗಳನ್ನು ಹಿಡಿದು ಕೊಡುತ್ತಿದ್ದಳು. ಒಂದು ಬಿಳಿ ಮುಖದ ಮುದಿ ಕುರಿ ಬಂದಾಗ ಅವಳು ತಡೆದು ನಿಂತಳು.

“ಇದು ಯಾವುದು ಗೊತ್ತಾ?”

“ಯಾವುದು?”

“ನೀನು ಶಿವಮೊಗ್ಗದಿಂದ ಮೊದಲ್ನೇ ರಜಕ್ಕೆ ಬಂದಾಗ ಇದಕ್ಕೇ ಬಾಟ್ಲಿ ಹಾಲು ಕುಡಿಸ್ತಿದ್ದೆ. ತಾಯಿ ಸತ್ತಿತ್ತು. ರಾತ್ರಿ ಪಕ್ಕದಾಗೆ ಮಲಗಿಸ್ಕಂತಿದ್ದೆ.”

ಯಶೋದಾ ಕುರಿಯ ಮುಖವನ್ನು ನೋಡಿದಳು. ನೆನಪಾಗಲಿಲ್ಲ. “ಹೌದಾ?” ಎಂದು ಕಿವಿ ಸೀಳಿದಳು. “ಮುಂದಿಂದು.”

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಕೇಳಿದ್ದೆಲ್ಲ ಸಿಕ್ಕಿತ್ತು. ನೆರೆಮನೆಯವರು, “ಗೆದ್ದುಬಿಟ್ಟೆ ಕಣವ್ವ,” ಎಂದರು. ಆದರೆ ನೇತ್ರಾವತಿ ಅಂದು ಅನ್ನ ಮುಟ್ಟಲಿಲ್ಲ. ಕಿತ್ತುಕೊಂಡದ್ದೆಂದು ತಾನು ತಿಳಿದದ್ದನ್ನು ನಾದಿನಿ ಹಳೆಯ ಚಪ್ಪಲಿಯಂತೆ ಕಳಚಿಟ್ಟು ಹೋಗಿದ್ದಳು. ಅವಳಿಗೆ ಬೇಕಾದದ್ದು ಬೇರೆಯೇ ಇತ್ತು; ಅದು ಯಾವ ರೊಪ್ಪದಲ್ಲಿಯೂ ಇರಲಿಲ್ಲ. ರಾತ್ರಿಯ ಊಟಕ್ಕೆ ಕರೆದಾಗ, “ಹಸಿವಿಲ್ಲ,” ಎಂದಳು.

“ಈಗ ಏನಾಯ್ತೇ ನಿನಗೆ?” ಎಂದು ಹುಚ್ಚಕ್ಕ ರೇಗಿದಳು. “ಕೊಟ್ಟರೂ ಉರಿ, ಕೊಡದಿದ್ರೂ ಉರಿ!”

ನೇತ್ರಾವತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಚಿತ್ರದುರ್ಗದ ಕೋರ್ಟಿನ ಎದುರಿನ ನೋಟರಿಯ ಬಳಿ ಕುಳಿತು, ಬರೆದದ್ದನ್ನು ಅಕ್ಷರ ಬಿಡದೆ ಓದಿ, ದುಂಡಗೆ ಸಹಿ ಹಾಕಿದಳು. ಹಿರಿಯೂರಿನ ವ್ಯಾಪಾರಿಯೂ ಗೊಣಗುತ್ತಲೇ ಬರೆದುಕೊಟ್ಟ. ಅರ್ಜಿ ಹೋಯಿತು.

ಬಸ್ಸಿನಲ್ಲಿ ಹಿಂದಿರುಗುವಾಗ ಯಶೋದಾ ಪಕ್ಕದಲ್ಲಿ ಕುಳಿತು, “ಅತ್ತಿಗೆ, ನಾನು ಡಿಗ್ರಿ ಮುಗಿಸ್ಕಂಡು ಬಂದ ದಿನ ಅಪ್ಪ ರೊಪ್ಪಕ್ಕೆ ಕರ್ಕಂಡು ಹೋಗಿ ಏನಂದ ಗೊತ್ತಾ? ‘ಕುರಿಗೆ ಕಾಯಿಲೆ ಬಂದೈತೆ, ನೇತ್ರಾನ ಕರಿ’ ಅಂದ. ನಾನು ಡಾಕ್ಟ್ರು. ನಿಮ್ಮನ್ನ ಕರಿ ಅಂದ,” ಎಂದಳು.

“ಅದಕ್ಕೆ?”

“ಏನಿಲ್ಲ. ಹೇಳಿದೆ.”

ಅಂದು ಸಂಜೆ ಯಶೋದಾಳ ತಟ್ಟೆಯೂ ಉಳಿದವುಗಳೊಂದಿಗೆ ತೊಳೆಯಲ್ಪಟ್ಟಿತು.

ಕೆಲವು ವಾರಗಳ ನಂತರ, ನೇತ್ರಾವತಿ ರಾಗಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದಾಗ ಅವಳ ಮೊಬೈಲು ಹೊಡೆದುಕೊಂಡಿತು. ಕೈಯೆಲ್ಲ ಹಿಟ್ಟು. ರಾಮಾಂಜನೇಯ ಫೋನೆತ್ತಿ ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದ. ಬೆಂಗಳೂರಿನಿಂದ ಹೆಂಗಸಿನ ಧ್ವನಿ. ವೀಸಾ ಅರ್ಜಿಗಳ ಕಾಗದಪತ್ರಗಳನ್ನು ಪರಿಶೀಲಿಸುವವರಂತೆ.

“ನೇತ್ರಾವತಿಯವರಾ? ಯಶೋದಾ ಅವರ ಅರ್ಜಿ ವಿಷಯ. ಎರಡು ಪ್ರಶ್ನೆ ಕೇಳಬಹುದಾ?”

ಎಲೆಯಡಿಕೆ ಅಗಿಯುತ್ತಿದ್ದ ಜಂಪಣ್ಣ ಬಾಯಿ ನಿಲ್ಲಿಸಿದ. ಹುಚ್ಚಕ್ಕ ಗೋಡೆ ಹಿಡಿದು ನಿಂತಳು. ಯಶೋದಾ ಒಳಗಿನಿಂದ ಓಡಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಕುರಿ ಕೊಡುವಾಗ ಕಾಣದಿದ್ದ ಹೆದರಿಕೆ ಈಗ ಅವಳ ಮುಖದಲ್ಲಿತ್ತು. ನೇತ್ರಾವತಿ ಅದನ್ನು ಕಂಡಳು. ಕಣ್ಣು ಕೀಳದೆ ನೋಡಿದಳು.

“ಕೇಳ್ರಿ.”

“ಮಾರಿದ ಕುರಿಗಳಲ್ಲಿ ನಿಮ್ಮವೂ ಇದ್ದವಾ?”

“ಇದ್ವು. ನನ್ನ ತವರಿನೋರು ಕೊಟ್ಟಿದ್ದು.”

“ಆ ಹಣವನ್ನು ನಿಮ್ಮ ನಾದಿನಿಯ ಓದಿಗೆ ಸ್ವಸಂತೋಷದಿಂದ ಕೊಟ್ಟಿದ್ದೀರಾ?”

ರಾಮಾಂಜನೇಯ ಫೋನನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. “ಹೂಂ ಅನ್ನು,” ಎಂದು ಹುಚ್ಚಕ್ಕ ಸದ್ದಿಲ್ಲದೆ ತುಟಿಯಾಡಿಸಿದಳು.

“ಸಂತೋಷ ಎಲ್ಲಿಂದ ಬರ್ಬೇಕು ತಾಯಿ?” ಎಂದಳು ನೇತ್ರಾವತಿ. “ಹೊಟ್ಟೆ ಉರ್ಕಂಡೇ ಕೊಟ್ಟೀನಿ.”

ಯಶೋದಾ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಆ ಕಡೆಯ ಹೆಂಗಸು ಕಾಗದ ತಿರುವಿದ ಸದ್ದು ಕೇಳಿಸಿತು.

“ಅಂದರೆ... ನಿಮ್ಮಿಂದ ಬಲವಂತವಾಗಿ ತೆಗೆದುಕೊಂಡರಾ?”

ಜಂಪಣ್ಣ ತಲೆ ತಗ್ಗಿಸಿದ. ನೇತ್ರಾವತಿ ಅವನ ಬೋಳುನೆತ್ತಿಯನ್ನು ನೋಡಿದಳು, ಹೊಸ್ತಿಲ ಮೇಲಿದ್ದವಳನ್ನು ನೋಡಿದಳು.

“ಇಲ್ಲ. ಇಷ್ಟ ಇಲ್ದಿದ್ರೆ ಸೈನು ಹಾಕ್ತಿರ್ಲಿಲ್ಲ. ಓದಿ ನೋಡೇ ಹಾಕೀನಿ. ಅವಳೂ ನಾನೂ ಒಂದೇ ಕೋಣೇಲಿ ಓದಿದೋರು. ನಾನು ಹೋಗ್ಬೇಕಿತ್ತು, ಅವಳು ಹೋಗ್ತಾವ್ಳೆ. ಉರಿಯಲ್ವ? ಉರೀತೈತೆ. ಆದ್ರೆ ಕೊಟ್ಟಿದ್ದು ಕೊಟ್ಟಿದ್ದೇ.”

“ವಾಪಸ್ ಕೇಳುವುದಿಲ್ಲವಾ?”

“ಕೇಳಲ್ಲ. ಹಂಗೇ ಬರ್ಕಳ್ರಿ.”

ಆ ಕಡೆ ಸಣ್ಣ ನಗುವಿನಂಥದೇನೋ ಕೇಳಿಸಿತು. “ಸರಿ ಮೇಡಂ,” ಎಂದಿತು ಧ್ವನಿ, ಫೋನು ನಿಂತಿತು.

“ಅಯ್ಯೋ, ಹಿಂಗೂ ಹೇಳ್ತಾರೇನೇ!” ಎಂದು ಹುಚ್ಚಕ್ಕ ಹಣೆ ಚಚ್ಚಿಕೊಂಡಳು. ನೇತ್ರಾವತಿ ಜರಡಿಯನ್ನು ಮತ್ತೆ ಕೈಗೆತ್ತಿಕೊಂಡಳು. ಜಂಪಣ್ಣ ಮಾತ್ರ ಎದ್ದು ಅಡುಗೆಮನೆಯ ಬಾಗಿಲವರೆಗೆ ಬಂದು, “ಕೇಳ್ಬೇಕಿತ್ತು ಕಣವ್ವ ನಿನ್ನ,” ಎಂದಷ್ಟೇ ಹೇಳಿ ಹೊರಗೆ ಹೋದ.

ವೀಸಾ ಬಂತು.

ಹೊರಡುವ ದಿನ ಹಟ್ಟಿಯ ಮುಂದೆ ಕಾರು ನಿಂತಿತ್ತು. ಯಶೋದಾ ಎಲ್ಲರ ಕಾಲಿಗೂ ನಮಸ್ಕರಿಸಿ ಕಡೆಗೆ ಅತ್ತಿಗೆಯ ಬಳಿಗೆ ಬಂದು ಬಗ್ಗಿದಳು. ನೇತ್ರಾವತಿ ತೋಳು ಹಿಡಿದು ಎಬ್ಬಿಸಿದಳು.

“ದಿನಾ ಫೋನ್ ಮಾಡಿ ಅದು ನೋಡಿದೆ, ಇದು ನೋಡಿದೆ ಅನ್ಬೇಡ,” ಎಂದಳು. “ಕೇಳಾಕಾಗಲ್ಲ ನನಗೆ.”

“ಮತ್ತೆ?”

“ವಾರಕ್ಕೊಂದು ಸಲ ಮಾಡು. ಅಷ್ಟು ತಡ್ಕಳ್ತೀನಿ.”

ಕಾರು ಮತ್ತೋಡಿನ ರಸ್ತೆಗೆ ತಿರುಗಿ ಕಣ್ಮರೆಯಾಗುವವರೆಗೂ ಅವಳು ನೆರಳಿಗೆ ಸರಿಯದೆ ಬಿಸಿಲಿನಲ್ಲಿಯೇ ನಿಂತಿದ್ದಳು.

ಕಥೆ ಹೇಳುವವನಿಗೆ ಇನ್ನು ಆ ಹಟ್ಟಿಯಲ್ಲಿ ಕೆಲಸವಿಲ್ಲ. ಪಂಚೆಯೊಂದು, ಅಂಗಿಯೊಂದು, ಅಂಚು ಹರಿದ ಕಾದಂಬರಿಗಳೆರಡು ಚೀಲದೊಳಗೆ ಸೇರಿದವು. ಹೊಸದುರ್ಗದ ಬಸ್ಸು ದೂಳೆಬ್ಬಿಸಿಕೊಂಡು ಬರುತ್ತಿದೆ. ಕಿಟಕಿಯ ಪಕ್ಕದ ಜಾಗ ಸಿಕ್ಕೀತು. ವಾಚಕ ಮಹಾಶಯರೇ, ಅಪ್ಪಣೆಯಾಗಲಿ.